ಸಣ್ಣ ಧಣಿ ಸ್ಟೇರಿಂಗ್ ಹಿಡಿದರೆ

ಕೊಡಗಿನ ರೆಸಾರ್ಟುಗಳಿಗೆ ಹೋದವರು ನೋಡಿರುತ್ತಾರೆ: ನಾಲ್ಕು ದಪ್ಪ ಟೈರಿನ ಪುಟ್ಟ ಗಾಡಿ, ಹೆಸರು ಎಟಿವಿ. ಗುಡ್ಡ ಹತ್ತುತ್ತದೆ, ಹಳ್ಳ ದಾಟುತ್ತದೆ, ಕೆಸರಿಗೂ ಜಗ್ಗುವುದಿಲ್ಲ ಎಂದು ಹೇಳಿ, ತಲೆಗೆ ಹೆಲ್ಮೆಟ್ ಹಾಕಿಸಿ, ನಾಲ್ಕು ಸುತ್ತು ಹೊಡೆಸಿ ದುಡ್ಡು ಎಣಿಸಿಕೊಳ್ಳುತ್ತಾರೆ. ಸಿಂಧನೂರಿನವರಿಗೆ ಇದನ್ನು ಹೇಳಿ ನೋಡಿ, ನಕ್ಕುಬಿಡುತ್ತಾರೆ. ಗುಡ್ಡ, ಹಳ್ಳ, ಕೆಸರಷ್ಟೇ ಅಲ್ಲ, ಮದುವೆ, ಜಾತ್ರೆ, ಮಂತ್ರಿಗಳ ಸಮಾವೇಶಕ್ಕೂ ಹೋಗಿಬರುವ ಟ್ರ್ಯಾಕ್ಟರ್ ಅವರ ಮನೆ ಮುಂದೆಯೇ ನಿಂತಿದೆ. ಏಷ್ಯಾದಲ್ಲೇ ಅತಿ ಹೆಚ್ಚು ಟ್ರ್ಯಾಕ್ಟರ್ ಮಾರಾಟವಾಗುವ ಊರು ನಮ್ಮದು ಎಂದು ಅವರು ಎದೆ ತಟ್ಟಿಕೊಳ್ಳುತ್ತಾರೆ. ಸುಗ್ಗಿಯ ದಿನ ಅಲ್ಲಿ ರಸ್ತೆ ದಾಟಲು ಕಾದು ನಿಂತವರು ಯಾರೂ ಈ ಮಾತಿಗೆ ಎದುರಾಡಿದ್ದಿಲ್ಲ.

ಇಷ್ಟು ಟ್ರ್ಯಾಕ್ಟರ್ ಇದ್ದ ಮೇಲೆ ಓಡಿಸಲು ಬಾರದವರೂ ಒಂದಷ್ಟು ಇರಬೇಕಲ್ಲ? ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ತಾಲ್ಲೂಕಿನಲ್ಲಿ ಎದುರಾಗುವ ಸಣ್ಣ ಧಣಿ ಆ ಪೈಕಿ. ಡಿಗ್ರಿ ಮುಗಿದಿದೆ, ಪಿಎಸ್‌ಐ ಪರೀಕ್ಷೆಯ ಗೈಡು ಅರ್ಧ ಓದಿಯಾಗಿದೆ. ನಾಟಿಯ ಹೊತ್ತಿಗೆ ಸರಿಯಾಗಿ ಡ್ರೈವರ್ ಮುಂಗಡದ ಸಮೇತ ನಾಪತ್ತೆ. "ಅದರಾಗ ಏನೈತಿ ಬಿಡಪ್ಪಾ, ನಾನ ಹೊಡಿತೀನಿ" ಎಂದು ಅಪ್ಪನಿಗೆ ಹೇಳಿ ಇವನು ಸೀಟು ಹತ್ತುತ್ತಾನೆ. ಅನಾಹುತಗಳೆಲ್ಲ ಈ 'ಅದರಾಗ ಏನೈತಿ' ಎಂಬುದರಿಂದಲೇ ಶುರು. ಎಲ್ಲಿ ಬೇಕಾದರೂ ಹೋಗುವ ಗಾಡಿ ಎಲ್ಲಿ ಬೇಕಾದರೂ ಹೂತುಕೊಳ್ಳಬಲ್ಲದು, ಎಲ್ಲಿ ಬೇಕಾದರೂ ಮಗುಚಬಲ್ಲದು ಎಂಬುದು ಅವನ ಗೈಡಿನಲ್ಲಿ ಇಲ್ಲ.

ಮೊದಲು ಅಲಂಕಾರ. ಬಾನೆಟ್ಟಿಗೆ ಕುಚ್ಚು, ಬಂಪರಿಗೆ ನಿಂಬೆಹಣ್ಣು, ಹಿಂದೆ 'ತಂದೆ ತಾಯಿ ಆಶೀರ್ವಾದ', ಎರಡೂ ಬದಿಗೆ ಸೌಂಡ್ ಬಾಕ್ಸ್. ಬಲ್ಲವರು ಬೆಳಗೆದ್ದು ಕಡ್ಡಿ ಎಳೆದು ಆಯಿಲ್ ನೋಡುತ್ತಾರೆ, ರೇಡಿಯೇಟರಿನ ನೀರು ನೋಡುತ್ತಾರೆ. ಅಷ್ಟು ಹೊತ್ತು ಸಣ್ಣ ಧಣಿ ಹಾಡು ಆರಿಸುತ್ತಿರುತ್ತಾನೆ. ಇಂಜಿನ್ನು ನರಳಿದರೆ ಗೇರು ಇಳಿಸಬೇಕು, ಅದಕ್ಕೆ ಕಿವಿ ಬೇಕು. ಕಿವಿ ಬಾಕ್ಸಿನ ಪಾಲಾಗಿದೆ. ಮಡ್‌ಗಾರ್ಡಿನ ಮೇಲೆ ಆಚೆಗೊಬ್ಬ ಈಚೆಗೊಬ್ಬ ಗೆಳೆಯ. ಕಂಪನಿ ಒಂದೇ ಸೀಟು ಇಟ್ಟಿರುವುದು ಜಿಪುಣತನಕ್ಕೆ ಎಂದು ಅವನ ನಂಬಿಕೆ.

ಗಾಡಿ ಹೊರಟಿತು ಎನ್ನಿ. ಎಡಗಾಲು ಕ್ಲಚ್ಚಿನ ಮೇಲೆ ಕೂತಿತು, ಇನ್ನು ಏಳುವುದಿಲ್ಲ. ಬೈಕಿನಲ್ಲಿ ಅರ್ಧ ಕ್ಲಚ್ ಹಿಡಿದು ಸಂತೆ ಸುತ್ತಿದ ಅಭ್ಯಾಸ. ಕಾಲಿನ ಭಾರ ಅಷ್ಟಿಷ್ಟು ಬಿದ್ದರೂ ಒಳಗೆ ಪ್ಲೇಟು ಜಾರುತ್ತ, ಉಜ್ಜುತ್ತ, ಬಿಸಿಯಾಗಿ ಕರಕಲಾಗುತ್ತದೆ. ವಾಸನೆ ಬಂದರೆ "ಯಾರೋ ಹುಲ್ಲು ಸುಡಾಕತ್ಯಾರ" ಎಂದು ಪಕ್ಕದ ಹೊಲ ನೋಡುತ್ತಾನೆ.

ಟ್ರ್ಯಾಕ್ಟರಿಗೆ ಬ್ರೇಕು ಎರಡು, ಎಡಚಕ್ರಕ್ಕೊಂದು ಬಲಚಕ್ರಕ್ಕೊಂದು. ಹೊಲದ ತುದಿಯಲ್ಲಿ ಒಂದೇ ಬದಿ ಒತ್ತಿದರೆ ಗಾಡಿ ನಿಂತಲ್ಲೇ ತಿರುಗಲಿ ಎಂದು ಹೀಗೆ ಮಾಡಿದ್ದು. ರಸ್ತೆಗೆ ಬಂದಾಗ ಎರಡನ್ನೂ ಕೂಡಿಸಿ ಚಿಲಕ ಹಾಕಬೇಕು. ಸಣ್ಣ ಧಣಿಗೆ ಚಿಲಕ ಎಂದರೆ ಮನೆ ಬಾಗಿಲಿನದು. ಲಿಂಗಸುಗೂರಿನಿಂದ ಮಸ್ಕಿ, ಸಿಂಧನೂರು ಹಾದು ಬಳ್ಳಾರಿಯತ್ತ ಹೋಗುವ 150ಎ ಹೆದ್ದಾರಿಯಲ್ಲಿ, ಟಾಪ್ ಗೇರಿನಲ್ಲಿ, ಎದುರಿಗೆ ಎಮ್ಮೆ ಬಂತು. ಬಲಗಾಲು ಸಿಕ್ಕ ಪೆಡಲನ್ನು ಒತ್ತಿತು. ಗಾಡಿ ನಿಲ್ಲಲಿಲ್ಲ, ಬಲಕ್ಕೆ ಹೊರಳಿ ಬಂದ ದಾರಿಗೇ ಮುಖ ಮಾಡಿತು. ಎಮ್ಮೆಗೆ ಏನೂ ಆಗಲಿಲ್ಲ. ಮಡ್‌ಗಾರ್ಡಿನ ಗೆಳೆಯರಲ್ಲಿ ಒಬ್ಬ ಜಾಲಿಕಂಟಿಯಲ್ಲಿ ಸಿಕ್ಕ.

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂತೆಂದರೆ ಸಿಂಧನೂರು ಸೀಮೆಯ ಗದ್ದೆಗಳೆಲ್ಲ ಕೆಸರು. ಟೈರಿಗೆ ಕಬ್ಬಿಣದ ಕೇಜ್ ವೀಲ್ ಕಟ್ಟಿ ಕೆಸರು ಹೊಡೆಯುವ ಕಾಲ. ಕೇಜ್ ವೀಲ್ ಗದ್ದೆಗೆ ದೇವರು, ಡಾಂಬರಿಗೆ ದೆವ್ವ. ಅದನ್ನು ಕಟ್ಟಿಕೊಂಡು ರಸ್ತೆಗೆ ಇಳಿದರೆ ಪೊಲೀಸರು ದಂಡ ಹಾಕುತ್ತಾರೆ. ಬಿಚ್ಚಿ ಟ್ರಾಲಿಯಲ್ಲಿ ಹಾಕಿಕೊಂಡು ಹೋಗುವುದು ಅರ್ಧ ತಾಸಿನ ಕೆಲಸ. ಸಣ್ಣ ಧಣಿಗೆ ಅಷ್ಟು ಪುರುಸೊತ್ತಿಲ್ಲ. ಅವನು ಯಾವ ದಾರಿಯಲ್ಲಿ ಗದ್ದೆಗೆ ಹೋದ ಎಂದು ಯಾರನ್ನೂ ಕೇಳಬೇಕಿಲ್ಲ, ರಸ್ತೆಯೇ ಹೇಳುತ್ತದೆ.

ಗದ್ದೆಯಲ್ಲಿ ಗಾಡಿ ಹೂತಾಗ ಮನುಷ್ಯನ ಗುಣ ತಿಳಿಯುತ್ತದೆ. ಕಾಲುವೆ ನೀರನ್ನು ನಂಬಿ ಆಂಧ್ರದಿಂದ ಬಂದು ನೆಲೆನಿಂತ ಕ್ಯಾಂಪಿನ ರೈತರನ್ನು ನೋಡಿ. ಚಕ್ರ ಜಾರಿತೆಂದರೆ ಗ್ಯಾಸು ತಗ್ಗಿಸುತ್ತಾರೆ. ಒಂದೇ ಚಕ್ರ ಸುತ್ತುತ್ತಿದ್ದರೆ ಹಿಮ್ಮಡಿಯ ಹತ್ತಿರದ ಡಿಫ್‌ಲಾಕ್ ಒತ್ತಿ ಎರಡನ್ನೂ ಜೊತೆಗೆ ತಿರುಗಿಸುತ್ತಾರೆ, ನೇರ ದಾಟಿದ ಮೇಲೆ ಬಿಡುತ್ತಾರೆ. ಆಗದಿದ್ದರೆ ಇಳಿದು ಬೀಡಿ ಹಚ್ಚಿ ಇನ್ನೊಂದು ಟ್ರ್ಯಾಕ್ಟರಿಗೆ ಹೇಳಿ ಕಳಿಸುತ್ತಾರೆ. ಸಣ್ಣ ಧಣಿಗೆ ಗೊತ್ತಿರುವ ಔಷಧ ಒಂದೇ, ಫುಲ್ ಗ್ಯಾಸ್. ಗ್ಯಾಸು ಹೆಚ್ಚಿದಷ್ಟೂ ಚಕ್ರ ತನ್ನ ಗುಂಡಿ ತಾನೇ ತೋಡುತ್ತದೆ. ಅಚ್ಚು ಕೆಸರಿಗೆ ತಾಗುವವರೆಗೂ ಬಿಡುವುದಿಲ್ಲ. ಡಿಫ್‌ಲಾಕ್ ಇದೆ ಎಂದು ಯಾರಾದರೂ ಕೂಗಿ ಹೇಳಿದರೆ ಅದನ್ನು ಒತ್ತಿಕೊಂಡೇ ಸ್ಟೇರಿಂಗ್ ತಿರುಗಿಸುತ್ತಾನೆ. ಗಾಡಿ ತಿರುಗುವುದಿಲ್ಲ, ಒಳಗಿನ ಹಲ್ಲುಗಳು ಮುರಿಯುತ್ತವೆ.

ಕೊನೆಗೆ ಬದುವಿನ ಮೇಲಿಂದ ಒಬ್ಬ ಮಹಾನುಭಾವ ಸಲಹೆ ಕೊಡುತ್ತಾನೆ: "ಹಿಂದಿನ ಗಾಲಿಗೆ ಅಡ್ಡ ಕಟಗಿ ಕಟ್ಟಲೇ, ಟಣ್ಣಂತ ಜಿಗಿತೈತಿ!" ಇಲ್ಲಿ ಮಾತ್ರ ನಗು ನಿಲ್ಲಿಸಬೇಕು. ಕಟ್ಟಿಗೆ ಸಿಕ್ಕಿ ಚಕ್ರ ತಿರುಗದೆ ನಿಂತರೆ ಇಂಜಿನ್ನಿನ ಬಲವೆಲ್ಲ ಗಾಡಿಯ ಮೈಯನ್ನೇ ಅಚ್ಚಿನ ಸುತ್ತ ಎತ್ತುತ್ತದೆ. ಮೂತಿ ಮೇಲೆದ್ದು ಸುಮಾರು 2 ಟನ್ನಿನ ಗಾಡಿ ಓಡಿಸುವವನ ಮೇಲೆಯೇ ಬೀಳಲು ಎರಡು ಸೆಕೆಂಡು ಸಾಕು. ಭಾರದ ಸರಪಳಿಯನ್ನು ಕೆಳಗಿನ ಡ್ರಾಬಾರಿಗೆ ಹಾಕದೆ ಮೇಲಿನ ಕೊಂಡಿಗೆ ಸಿಕ್ಕಿಸಿ ಎಳೆದವರಿಗೂ ಇದೇ ಗತಿ. ಆ ಸಲಹೆಗಾರನ ಕಡೆ ಬೆನ್ನು ಮಾಡಿ, ಬಂದ ದಾರಿಯಲ್ಲೇ ರಿವರ್ಸ್ ಬರುವುದು ಮರ್ಯಾದೆಯ ಕೆಲಸ.

ಮಸ್ಕಿಗೆ ಬಂದರೆ ಕೆಸರಿನ ಬದಲು ಕಲ್ಲು. ಇಲ್ಲಿನ ಬಂಡೆಯ ಮೇಲೆ ಅಶೋಕನ ಶಾಸನವಿದೆ. 1915ರಲ್ಲಿ ಚಿನ್ನದ ಗಣಿ ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರ್‌ಗೆ ಸಿಕ್ಕಿದ್ದು. ದೇವಾನಾಂಪಿಯ ಎಂಬ ಬಿರುದಿನ ಜೊತೆ ಅಶೋಕ ಎಂಬ ಹೆಸರನ್ನೇ ಬರೆದದ್ದು ಅದರ ಹೆಚ್ಚುಗಾರಿಕೆ. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಯತ್ನಪಟ್ಟರೆ ಎತ್ತರಕ್ಕೆ ಏರಬಹುದು ಎಂಬುದು ಅದರ ತಿರುಳು. ಚಕ್ರವರ್ತಿ ಹೇಳಿದ್ದು ಧರ್ಮದ ಮಾತು, ಸಣ್ಣ ಧಣಿ ತಿಳಿದದ್ದು ಟ್ರಾಲಿ ಸಮೇತ ಗುಡ್ಡ ಹತ್ತು ಎಂದು. ಹತ್ತುವುದು ಹೇಗೋ ಆಯಿತು. ಇಳಿಯುವಾಗ ಡೀಸೆಲ್ ಉಳಿಸಲು ನ್ಯೂಟ್ರಲ್! ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂಬುದು ಹಳಬರ ಲೆಕ್ಕ, ಯಾಕೆಂದರೆ ಟ್ರಾಲಿಗೆ ಸಾಮಾನ್ಯವಾಗಿ ಬ್ರೇಕಿರುವುದಿಲ್ಲ. ಹತ್ತುವಾಗ ಹಿಂದೆ ಬಂದ ಟ್ರಾಲಿ ಇಳಿಯುವಾಗ ಮುಂದೆ ಹೋಗಲು ನೋಡುತ್ತದೆ. ಇವನು ತಿರುವಿನಲ್ಲಿ ಬ್ರೇಕ್ ಒತ್ತಿದ, ಟ್ರಾಲಿ ಮಡಚಿಕೊಂಡು ಪಕ್ಕಕ್ಕೆ ಬಂದು ಇವನ ಮುಖವನ್ನೇ ನೋಡಿತು.

ಲಿಂಗಸುಗೂರಿನ ಕಡೆಯ ಎರೆಹೊಲದ ಕಥೆ ಬೇರೆ. ಒಣಗಿದ್ದಾಗ ಕಬ್ಬಿಣ, ಹಸಿಯಾದಾಗ ಅಂಟು. ಮಳೆ ನಿಂತು ಹೊಲ ಆರುವ ತನಕ ಕಾಯುವುದು ಒಕ್ಕಲುತನ. ಸಣ್ಣ ಧಣಿ ಮಳೆ ನಿಂತ ಮರುದಿನವೇ ಇಳಿಯುತ್ತಾನೆ. ಅದೇ ತಾಲ್ಲೂಕಿನ ಹಟ್ಟಿಯಲ್ಲಿ ನೆಲ ಅಗೆದರೆ ಚಿನ್ನವಾದರೂ ಸಿಗುತ್ತದೆ; ಇವನು ಚಕ್ರದಿಂದ ಅಗೆದ ಗುಂಡಿಯಲ್ಲಿ ಇವನ ಚಪ್ಪಲಿ ಮಾತ್ರ ಸಿಕ್ಕಿತು, ಅದೂ ಒಂದೇ ಕಾಲಿನದು.

ಇದೆಲ್ಲ ಮುಗಿದು ನೆರಳಿಗೆ ಬಂದರೂ ಆಪತ್ತು ಮುಗಿಯುವುದಿಲ್ಲ. ಇಂಜಿನ್ನು ನಿಲ್ಲಿಸದೆ ಇಳಿದು, ಹಿಂದಿನ ಸಲಕರಣೆಗೆ ಇಂಜಿನ್ನಿನ ಬಲ ಕೊಡುವ, ತಿರುಗುತ್ತಲೇ ಇರುವ ಪಿಟಿಒ ಶಾಫ್ಟಿನ ಮೇಲೆ ಬಗ್ಗಿ ರೋಟಾವೇಟರ್ ನೋಡುತ್ತಾನೆ, ಹೆಗಲ ಟವೆಲ್ ಜೋತಾಡುತ್ತಿರುತ್ತದೆ. ಆ ಶಾಫ್ಟು ನಿಮಿಷಕ್ಕೆ 540 ಸುತ್ತು, ಎಂದರೆ ಸೆಕೆಂಡಿಗೆ 9. ಈ ಸಲ ಅದು ಟವೆಲ್ಲಿನ ತುದಿಯನ್ನಷ್ಟೇ ತಗೊಂಡು ಬಿಟ್ಟಿತು. ಎಲ್ಲರಿಗೂ ಅಷ್ಟು ಅಗ್ಗವಾಗಿ ಬಿಡುವುದಿಲ್ಲ.

ವಾರದೊಳಗೆ ಗಾಡಿ ಸಿಂಧನೂರಿನ ಗ್ಯಾರೇಜಿಗೆ ಬರುತ್ತದೆ. ಕ್ಲಚ್ ಪ್ಲೇಟು ನೋಡಬೇಕಾದರೆ ಟ್ರ್ಯಾಕ್ಟರನ್ನು ನಡುವಿನಲ್ಲಿ ಬಿಚ್ಚಬೇಕು. ನಿಂಬೆಹಣ್ಣಿನ ಸಮೇತ ಮೂತಿ ಒಂದು ಜಾಕಿನ ಮೇಲೆ, 'ತಂದೆ ತಾಯಿ ಆಶೀರ್ವಾದ' ಇನ್ನೊಂದರ ಮೇಲೆ, ನಡುವೆ ಒಬ್ಬ ಆಳು ನಡೆದು ಹೋಗುವಷ್ಟು ಜಾಗ. ಮಿಸ್ತ್ರಿ ಕೈ ಹಾಕಿ ಪ್ಲೇಟು ತೆಗೆದ. ಅಂಚಿನವರೆಗೂ ಸವೆದು, ಕೆಲವು ಕಡೆ ನೀಲಿ ತಿರುಗಿತ್ತು.

"ಧಣಿ, ಗಾಡಿ ತರೂವಾಗ ಕಂಪನಿಯವರು ಒಂದು ಪುಸ್ತಕ ಕೊಟ್ಟಿದ್ರಲ್ಲ?"

"ಐತ್ಯಲ್ಲ! ಕುಂಕುಮ ಹಚ್ಚಿ ದೇವರ ಜಗಲಿ ಮ್ಯಾಲ ಇಟ್ಟೀವಿ. ಒಂದಿನಾನೂ ಪೂಜಿ ತಪ್ಪಿಲ್ಲ."

"ಅದಕ್ಕ ದೇವರು ನಿಮ್ಮನ್ನ ಉಳಿಸ್ಯಾನ" ಎಂದ ಮಿಸ್ತ್ರಿ, ಬಿಲ್ಲು ಬರೆಯುತ್ತ. "ಕ್ಲಚ್ಚು ಆತನ ಕೈಯಾಗ ಇಲ್ಲ."