ಒಂದೇ ಲಾರಿ, ಮೂರು ಪಕ್ಷ

ಬೆಂಗಳೂರಿನಲ್ಲಿ ಹಳೇ ರಾಕ್ ಸಂಗೀತ ಕೇಳುವವರ ಮಧ್ಯೆ ಹೊಸಬರು ಬಂದು ಕೂತರೆ, ಯಾವ ಬ್ಯಾಂಡ್ ಇಷ್ಟ ಎಂದು ಯಾರೂ ಕೇಳುವುದಿಲ್ಲ. ಯಾವುದನ್ನು ಕಂಡರೆ ಆಗುವುದಿಲ್ಲ ಎಂದು ಕೇಳುತ್ತಾರೆ. ಇಷ್ಟಪಡುವುದರಲ್ಲಿ ಏನಿದೆ? ಬೀಟಲ್ಸ್ ಚೆನ್ನಾಗಿದೆ ಎನ್ನುವುದೂ ಒಂದೇ, ಇಡ್ಲಿ ಚೆನ್ನಾಗಿದೆ ಎನ್ನುವುದೂ ಒಂದೇ. ಮನುಷ್ಯನ ಅಂತಸ್ತು ಗೊತ್ತಾಗುವುದು ಅವನು ತಳ್ಳಿಹಾಕುವ ಬ್ಯಾಂಡಿನಿಂದ. "ಈಗಲ್ಸಾ? ಅಯ್ಯೋ" ಎಂದು ಮೂಗು ಮುರಿದವನು ಒಂದು ಮೆಟ್ಟಿಲು ಮೇಲೆ. "ಕ್ವೀನ್ ಏನಿದ್ದರೂ ನಾಟಕದ ಕಂಪನಿ" ಎಂದವನು ಎರಡು ಮೆಟ್ಟಿಲು ಮೇಲೆ. "1975ರ ಮೇಲೆ ಯಾರು ಏನು ನುಡಿಸಿದ್ದಾರೆ ಹೇಳಿ" ಎನ್ನುವವನು ಸೀದಾ ಅಟ್ಟ ಹತ್ತಿಬಿಟ್ಟಿರುತ್ತಾನೆ. ಅವನನ್ನು ಊಟಕ್ಕೂ ಇಳಿಸಲಾಗುವುದಿಲ್ಲ.

ಹೆಂಗಸರಿಗೆ ಇದರ ಜೊತೆಗೆ ಪ್ರವೇಶ ಪರೀಕ್ಷೆಯೂ ಉಂಟು. ಲೆಡ್ ಝೆಪೆಲಿನ್ ಹೆಸರಿರುವ ಟೀ ಶರ್ಟ್ ಹಾಕಿಕೊಂಡು ಆಫೀಸಿಗೆ ಹೋದೆನೆಂದರೆ, ಕಾಫಿ ಯಂತ್ರದ ಹತ್ತಿರ ಯಾರಾದರೊಬ್ಬರು ಕಾದಿರುತ್ತಾರೆ. "ಓಹ್, ನೀವೂ ಕೇಳ್ತೀರಾ? ಎಲ್ಲಿ, ಮೂರು ಹಾಡು ಹೇಳಿ ನೋಡೋಣ." 'ಸ್ಟೇರ್‌ವೇ ಟು ಹೆವನ್' ಎಂದರೆ ಅಂಕ ಇಲ್ಲ, ಅದು ಎಲ್ಲರಿಗೂ ಗೊತ್ತಿರುವುದು. ಹೇಳದಿದ್ದರೆ ಅದಕ್ಕೂ ಅಂಕ ಇಲ್ಲ, ಅದೇ ಗೊತ್ತಿಲ್ಲವಲ್ಲ! ಅಂಥದ್ದೇ ಟೀ ಶರ್ಟ್ ಹಾಕಿಕೊಂಡು ಬಂದ ಗಂಡಸನ್ನು ಮಾತ್ರ "ಎಲ್ಲಿ ತಗೊಂಡೆ, ಎಷ್ಟಾಯ್ತು" ಎಂದಷ್ಟೇ ವಿಚಾರಿಸಿ ಬಿಟ್ಟುಬಿಡುತ್ತಾರೆ.

ನಮ್ಮ ಅಕ್ಕನ ಮನೆಯಲ್ಲಿ ಎರಡು ಪಕ್ಷಗಳು ಒಂದೇ ಸೂರಿನಡಿ ಬೆಳೆದವು. ಭಾವ ಡೀಪ್ ಪರ್ಪಲ್, ಅವರ ತಮ್ಮ ಲೆಡ್ ಝೆಪೆಲಿನ್. ಹುಡುಗರಾಗಿದ್ದಾಗ ಇಬ್ಬರಿಗೂ ಸೇರಿ ಒಂದೇ ಟೇಪ್ ರೆಕಾರ್ಡರ್. ತೊಂಬತ್ತು ನಿಮಿಷದ ಖಾಲಿ ಕ್ಯಾಸೆಟ್ ಕೊಂಡು, ಒಂದು ಮಗ್ಗುಲಿಗೆ ಅಣ್ಣನ ಹಾಡು, ಇನ್ನೊಂದಕ್ಕೆ ತಮ್ಮನದು ಎಂದು ಅಂಗಡಿಯಲ್ಲಿ ರೆಕಾರ್ಡ್ ಮಾಡಿಸಿ ತರುತ್ತಿದ್ದರಂತೆ. ಮುಂದೆ ಮನೆ ಪಾಲಾದಾಗ ಸೈಟು, ಪಾತ್ರೆ, ದೇವರ ಮಂಟಪ ಯಾವುದಕ್ಕೂ ಒಂದು ಮಾತು ಬೆಳೆಯಲಿಲ್ಲ. ಆ ಕ್ಯಾಸೆಟ್ಟುಗಳ ವ್ಯಾಜ್ಯ ಮಾತ್ರ ಇನ್ನೂ ನಡೆಯುತ್ತಿದೆ.

ಪರ್ಪಲ್ ಪಕ್ಷದವರ ಕಷ್ಟವೇನೆಂದರೆ, ಆ ಬ್ಯಾಂಡಿನಲ್ಲಿ ಜನ ನಿಲ್ಲಲಿಲ್ಲ. ಹಾಡುವವನು ಹೋದ, ಬೇಸ್ ನುಡಿಸುವವನು ಹೋದ, ಕೊನೆಗೆ ಗಿಟಾರಿನ ರಿಚಿ ಬ್ಲ್ಯಾಕ್‌ಮೋರ್ ಕೂಡ ಸಿಟ್ಟು ಮಾಡಿಕೊಂಡು ಹೋದ. 1968ರಿಂದ ಕದಲದೆ ಕೂತವನು ಡ್ರಮ್ಮಿನ ಇಯಾನ್ ಪೇಸ್ ಒಬ್ಬನೇ. ಹಾಗಾಗಿ ಅಭಿಮಾನಿಗಳು ಒಂದೊಂದು ತಂಡಕ್ಕೂ ಮಾರ್ಕ್ ವನ್, ಮಾರ್ಕ್ ಟೂ ಎಂದು ಅಂಕಿ ಕೊಟ್ಟಿದ್ದಾರೆ. ಭಾವ ಆ ಅಂಕಿಗಳನ್ನು ಉಚ್ಚರಿಸುವ ಗತ್ತು ಕೇಳಿದರೆ ನನಗೆ ಮೈಸೂರು ಅರಸರ ಪಟ್ಟಿಯೇ ನೆನಪಾಗುವುದು: ಇಮ್ಮಡಿ ಪರ್ಪಲ್, ಮುಮ್ಮಡಿ ಪರ್ಪಲ್, ನಾಲ್ವಡಿ ಪರ್ಪಲ್. ಇಮ್ಮಡಿಯವರು 1969ರಿಂದ 1973ರವರೆಗೆ ಆಳಿದರು, 'ಮೆಷಿನ್ ಹೆಡ್' ಅವರ ಕಾಲದ್ದು. ನಾಲ್ವಡಿಯ ಆಳ್ವಿಕೆ 1976ರಲ್ಲಿ ಮುಗಿಯಿತು. 1984ರಲ್ಲಿ ಇಮ್ಮಡಿಯವರೇ ಮತ್ತೆ ಪಟ್ಟಕ್ಕೆ ಬಂದರು. ಚರಿತ್ರೆಯ ಪರೀಕ್ಷೆಯಲ್ಲಿ ಇಸವಿಗಳನ್ನು ನೆನಪಿಡಲಾಗದೆ ಒದ್ದಾಡಿದ ಮನುಷ್ಯ ಇವರೇ ಎಂದು ಅಕ್ಕ ಹೇಳುತ್ತಾಳೆ.

ಝೆಪೆಲಿನ್ ಪಕ್ಷ ಇದಕ್ಕೆಲ್ಲ ಮುಗುಳ್ನಗುತ್ತದೆ. ಅವರ ಡ್ರಮ್ಮರ್ ಜಾನ್ ಬಾನಮ್ 1980ರಲ್ಲಿ ತೀರಿಕೊಂಡಾಗ ಉಳಿದ ಮೂವರು ಇನ್ನೊಬ್ಬನನ್ನು ಹುಡುಕಲಿಲ್ಲ, ಬ್ಯಾಂಡನ್ನೇ ಮುಚ್ಚಿದರು. "ಅದು ನಿಷ್ಠೆ" ಎನ್ನುತ್ತಾನೆ ತಮ್ಮ. "ಇರಬಹುದು, ಅಂಗಡಿ ಮುಚ್ಚಿತಲ್ಲ" ಎನ್ನುತ್ತಾರೆ ಭಾವ.

ಬಾನಮ್‌ನ ವಿಷಯ ಬಂದರೆ ನನ್ನದೊಂದು ತಕರಾರಿದೆ. 'ಮೋಬಿ ಡಿಕ್' ಎಂಬ ಅವನ ಡ್ರಮ್ ಸೋಲೋ ರೆಕಾರ್ಡಿನಲ್ಲಿ ನಾಲ್ಕು ನಿಮಿಷ ಚಿಲ್ಲರೆ. ವೇದಿಕೆ ಹತ್ತಿದರೆ ಅದೇ ಇಪ್ಪತ್ತು ನಿಮಿಷ ದಾಟುತ್ತಿತ್ತು. ನಮ್ಮ ಕಚೇರಿಗಳಲ್ಲೂ ತನಿ ಆವರ್ತನ ಶುರುವಾದ ಕೂಡಲೇ ಅರ್ಧ ಸಭೆ ಎದ್ದು ಕ್ಯಾಂಟೀನಿನ ಕಡೆ ನಡೆಯುತ್ತದೆ, ನಿಜ. ಆದರೆ ಗಾಯಕರು, ಪಿಟೀಲಿನವರು ಕದಲುವಂತಿಲ್ಲ. ತೊಡೆಯ ಮೇಲೆ ತಾಳ ಹಾಕುತ್ತ "ಭೇಷ್" ಎನ್ನುತ್ತ ಕೂತಿರಬೇಕು. ಝೆಪೆಲಿನ್‌ನಲ್ಲಿ ಇದು ತಿರುಗುಮುರುಗು. ಕಾಸು ಕೊಟ್ಟ ಜನ ಕೂತಿರುತ್ತಿದ್ದರು, ಜೊತೆಯ ಮೂವರು ಎದ್ದು ವೇದಿಕೆಯ ಹಿಂದೆ ಹೋಗುತ್ತಿದ್ದರು. ಬ್ಯಾಂಡಿನವರೇ ಕೇಳಲಾರದ್ದನ್ನು ನಾನೇಕೆ ಕೇಳಲಿ?

ಈ ವಾದ ಇಟ್ಟುಕೊಂಡು ನಮ್ಮ ಚಿಕ್ಕಪ್ಪನ ಹತ್ತಿರ ಹೋದೆ. ಚಿಕ್ಕಪ್ಪ ಮೃದಂಗದವರು, ನನ್ನ ಪರ ನಿಲ್ಲುತ್ತಾರೆಂಬ ಭರವಸೆ. ಅವರು ವಿಡಿಯೋ ಪೂರ್ತಿ ನೋಡಿದರು. ಬಾನಮ್ ಕೋಲು ಬಿಸಾಡಿ ಬರಿಗೈಯಲ್ಲಿ ಬಾರಿಸತೊಡಗಿದಾಗ ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಾಗಿದರು. "ಇವನು ಮನುಷ್ಯ ಕಣೇ" ಎಂದರು. ತಮ್ಮನ ಪಕ್ಷಕ್ಕೆ ಅಂದು ಒಂದು ಓಟು ಹೆಚ್ಚಾಯಿತು.

ಚಿಕ್ಕಪ್ಪನಿಗೆ ರುಚಿ ಹತ್ತಿತೆಂದು ಪಿಂಕ್ ಫ್ಲಾಯ್ಡ್‌ನ 'ಮನಿ' ಹಾಕಿದೆ. ಕಾಸು ಝಣಝಣ ಎನ್ನುವ ಸದ್ದು ಮುಗಿಯುವ ಮೊದಲೇ ಅವರ ಕೈ ತೊಡೆಯ ಮೇಲೆ ಓಡಾಡತೊಡಗಿತು. "ಏಳು. ಮಿಶ್ರ ಚಾಪು ಹಿಡಿದಿದ್ದಾರೆ, ಪರವಾಗಿಲ್ಲವೇ!" ಸ್ಯಾಕ್ಸೊಫೋನಿನ ಭಾಗವೂ ಏಳರಲ್ಲೇ ಹೋಯಿತು, ತಲೆ ಆಡಿತು. ಆಮೇಲೆ ಗಿಟಾರ್ ಸೋಲೋ. ಅಲ್ಲಿ ಹಾಡು ನಾಲ್ಕರ ಎಣಿಕೆಗೆ ಬರುತ್ತದೆ. ಚಿಕ್ಕಪ್ಪನ ಕೈ ನಿಂತಿತು. "ಇದೇನು, ಕಷ್ಟದ ಜಾಗ ಬಂತು ಅಂತ ಚತುರಶ್ರಕ್ಕೆ ಇಳಿದುಬಿಟ್ಟನಾ?" ಆ ಸೋಲೋ ಕೇಳಿ ಕಣ್ಣು ತುಂಬಿಕೊಳ್ಳುವವರು ಜಗತ್ತಿನಲ್ಲಿ ಎಷ್ಟು ಜನವೋ, ಅದಕ್ಕೆ ಲಯದ ಅಂಕ ಕಳೆದವರು ನಮ್ಮ ಚಿಕ್ಕಪ್ಪ ಒಬ್ಬರೇ ಇರಬೇಕು.

ಆ ಹಾಡಿರುವ ಆಲ್ಬಮ್ಮಿನ ಬಗ್ಗೆ ಅಕ್ಕನಿಗೂ ಒಂದು ಅಭಿಪ್ರಾಯವಿದೆ, ರಾಕ್ ಸಂಗೀತದ ಬಗ್ಗೆ ಅವಳಿಗಿರುವುದು ಅದೊಂದೇ. ಅಕ್ಕ ಭೌತಶಾಸ್ತ್ರದ ಮೇಡಂ. 1973ರ 'ದ ಡಾರ್ಕ್ ಸೈಡ್ ಆಫ್ ದ ಮೂನ್' ಹೊದಿಕೆಯ ಮೇಲೆ ಪಟ್ಟಕದಿಂದ ಬಣ್ಣಗಳು ಹೊರಡುತ್ತವಲ್ಲ, ಎಣಿಸಿ ನೋಡಿ, ಆರೇ ಇವೆ. ಊದಾ ನೀಲಿ ಇಲ್ಲ. ಆ ಚಿತ್ರದ ಟೀ ಶರ್ಟ್ ಹಾಕಿಕೊಂಡ ಹುಡುಗರು ತರಗತಿಗೆ ಬಂದರೆ ಅವಳು ಎಬ್ಬಿಸಿ ನಿಲ್ಲಿಸಿ, ಕಾಣೆಯಾದ ಬಣ್ಣ ಯಾವುದು ಎಂದು ಕೇಳುತ್ತಾಳಂತೆ. ನನ್ನ ಆಫೀಸಿನವರ ಪರೀಕ್ಷೆಗಿಂತ ಇದು ನ್ಯಾಯವಾದದ್ದು. ಗಂಡು ಹೆಣ್ಣು ಎಂಬ ಭೇದವಿಲ್ಲ, ಸರಿ ಉತ್ತರವೂ ಒಂದಿದೆ.

ಫ್ಲಾಯ್ಡ್ ಪಕ್ಷವೂ ಒಳಗೆ ಒಡೆದಿರುವುದೇ. ರಾಜರ್ ವಾಟರ್ಸ್ 1985ರಲ್ಲಿ ಹೊರಬಂದು, ನಾನಿಲ್ಲದೆ ಆ ಹೆಸರಿಲ್ಲ ಎಂದು ಕೋರ್ಟಿಗೆ ಹೋದ. ಗಿಟಾರಿನ ಗಿಲ್ಮೋರ್ ಕಡೆಯವರು ಹೆಸರು ಉಳಿಸಿಕೊಂಡು ಮುಂದೆ ನಡೆದರು. ವಾಟರ್ಸ್ 2002ರಲ್ಲಿ ಅರಮನೆ ಮೈದಾನದಲ್ಲಿ ಹಾಡಿದಾಗ, ಅಲ್ಲಿ ಕೇಳಿದ್ದು ಪಿಂಕ್ ಫ್ಲಾಯ್ಡೋ ಅಲ್ಲವೋ ಎಂಬ ಚರ್ಚೆಯನ್ನು ಈಗಲೂ ಒಂದು ಸಂಜೆ ಪೂರ್ತಿ ಎಳೆಯಬಲ್ಲವರು ನನಗೆ ಗೊತ್ತು. ಅವರ ಜೊತೆ ನಾನು ಸಂಜೆ ಕೂರುವುದಿಲ್ಲ.

ಇನ್ನು ಜೆಥ್ರೊ ಟಲ್. ಇದು ಬ್ಯಾಂಡಿನವರ ಯಾರ ಹೆಸರೂ ಅಲ್ಲ, ಹದಿನೆಂಟನೇ ಶತಮಾನದ ಆರಂಭದಲ್ಲಿ ಬೀಜ ಬಿತ್ತುವ ಯಂತ್ರ ಮಾಡಿದ ಇಂಗ್ಲೆಂಡಿನ ಕೃಷಿಕನದು. ಶುರುವಿನಲ್ಲಿ ವಾರಕ್ಕೊಂದು ಹೆಸರಿಟ್ಟುಕೊಂಡು ತಿರುಗುತ್ತಿದ್ದ ಹುಡುಗರಿಗೆ ಏಜೆಂಟನ ಆಫೀಸಿನವರು ಕೊಟ್ಟ ಹೆಸರು ಅದು. ರಾಣೆಬೆನ್ನೂರು ಕಡೆಯ ನಮ್ಮ ಮಾವನವರಿಗೆ ಈ ಕಥೆ ಹೇಳಿದೆ.

"ಏನಂದಿ? ಕೂರಗಿ ಮಾಡಿದಂವನ ಹೆಸರ ಇಟ್ಟಾರ?"

"ಹೌದು ಮಾವ."

"ಕೂರಗಿ ನಮ್ಮ ಮುತ್ತಜ್ಜನ ಮುತ್ತಜ್ಜನ ಕಾಲದಿಂದ ಐತಿ. ಹಂಗಾರ ನಮ್ಮೂರ ಬಡಿಗ್ಯಾರ ಹೆಸರಿಲೆ ಎಷ್ಟ ಬ್ಯಾಂಡ ಆಗಬೇಕಾಗಿತ್ತು!"

ಒಂಟಿ ಕಾಲಲ್ಲಿ ನಿಂತು ಕೊಳಲೂದುವ ಇಯಾನ್ ಆ್ಯಂಡರ್ಸನ್‌ನ ವಿಡಿಯೋ ತೋರಿಸಿದರೆ, "ಕಾಲ ನೋವ ಏನ ಅಂವಗ?" ಎಂದು ಕೇಳಿ ಎದ್ದು ಹೋದರು. ಆದರೆ ಈ ಕೊಳಲಿನ ಬ್ಯಾಂಡು ಮಾಡಿದಷ್ಟು ರಂಪ ಬೇರೆ ಯಾರೂ ಮಾಡಿಲ್ಲ. 1989ರಲ್ಲಿ ಹಾರ್ಡ್ ರಾಕ್ ಮತ್ತು ಮೆಟಲ್‌ಗೆಂದು ಮೊದಲ ಸಲ ಗ್ರ್ಯಾಮಿ ಇಟ್ಟಾಗ, ಮೆಟಾಲಿಕಾಗೆ ಬರುವುದು ಖಂಡಿತ ಎಂದು ಎಲ್ಲರೂ ಕಾದಿದ್ದರು. ಬಂದದ್ದು ಜೆಥ್ರೊ ಟಲ್‌ಗೆ. ಹೇಗೂ ಗೆಲ್ಲುವುದಿಲ್ಲವೆಂದು ಟಲ್‌ನವರು ಸಮಾರಂಭಕ್ಕೇ ಹೋಗಿರಲಿಲ್ಲ. ಆಮೇಲೆ ಅವರ ಕಂಪನಿ, ಕೊಳಲೂ ಲೋಹದ ವಾದ್ಯವೇ ತಾನೇ ಎಂಬ ಅರ್ಥದ ಜಾಹೀರಾತು ಹಾಕಿಸಿತು. 1992ರಲ್ಲಿ ಗ್ರ್ಯಾಮಿ ಗೆದ್ದ ಮೆಟಾಲಿಕಾದವರು, ಈ ವರ್ಷ ಆಲ್ಬಮ್ ತರದಿದ್ದುದಕ್ಕೆ ಜೆಥ್ರೊ ಟಲ್‌ಗೆ ವೇದಿಕೆಯ ಮೇಲಿಂದಲೇ ವಂದನೆ ಹೇಳಿದರು. ಹೊಟ್ಟೆಯುರಿಯನ್ನು ಇಷ್ಟು ಲಕ್ಷಣವಾಗಿ ತೀರಿಸಿಕೊಂಡವರನ್ನು ನಾನು ನೋಡಿಲ್ಲ. ಮೆಟಾಲಿಕಾ ನನಗೆ ತಲೆನೋವು ತರುತ್ತದೆ, ಆದರೂ ಆ ಒಂದು ಮಾತಿಗಾಗಿ ಅವರ ಮೇಲೆ ಗೌರವವಿದೆ.

ನನ್ನ ಪಕ್ಷ ಯಾವುದೆಂದು ಇಷ್ಟು ಹೊತ್ತು ಹೇಳದೆ ಇದ್ದುದಕ್ಕೆ ಕಾರಣವಿದೆ. ನನ್ನದು ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್. ಹೆಸರೊಂದೇ ಉದ್ದ, ಹಾಡೆಲ್ಲ ಗಿಡ್ಡ. ಎರಡೂವರೆ ಮೂರು ನಿಮಿಷದಲ್ಲಿ ಹೇಳುವುದನ್ನು ಹೇಳಿ ಎದ್ದು ಹೋಗುತ್ತಾರೆ. ಕ್ಯಾಲಿಫೋರ್ನಿಯಾದ ಎಲ್ ಸೆರಿಟೋದ ಈ ಹುಡುಗರು ದೂರದ ಲೂಸಿಯಾನದ ಜೌಗು ನೆಲದಲ್ಲೇ ಹುಟ್ಟಿದವರಂತೆ ಹಾಡಿದರು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಇವರ 5 ಹಾಡುಗಳು ಎರಡನೇ ಸ್ಥಾನ ತಲುಪಿದವು, ಒಂದೂ ಮೊದಲನೆಯದಕ್ಕೆ ಏರಲಿಲ್ಲ. ಶಾಲೆಯಲ್ಲಿ ಪ್ರತಿ ವರ್ಷ ಎರಡನೇ ಬಹುಮಾನದ ಸ್ಟೀಲ್ ಲೋಟ ತಂದ ನನಗೆ ಇನ್ಯಾವ ಬ್ಯಾಂಡ್ ಸರಿಹೊಂದೀತು? ಮುಂದೆ ಅವರ ಹಾಡುಗಾರ ಜಾನ್ ಫೋಗರ್ಟಿ ಒಂಟಿಯಾಗಿ ಹಾಡಿದಾಗ, ಅದು ಅವನದೇ ಹಳೇ ಹಾಡಿನ ನಕಲು ಎಂದು ಹಳೇ ಕಂಪನಿ ಕೇಸು ಹಾಕಿತು. ಫೋಗರ್ಟಿ 1988ರಲ್ಲಿ ಗಿಟಾರ್ ಸಮೇತ ಸಾಕ್ಷಿ ಕಟ್ಟೆ ಹತ್ತಿ ನುಡಿಸಿ ತೋರಿಸಿ ಗೆದ್ದ. ತನ್ನ ಹಾಗೆ ತಾನು ಹಾಡಿದ ತಪ್ಪಿಗೆ ಕೋರ್ಟು ಮೆಟ್ಟಿಲು ಹತ್ತಿದವನನ್ನು ಬೆಂಬಲಿಸದೆ ಇರುವುದು ಹೇಗೆ!

"ಅದೂ ಒಂದು ಬ್ಯಾಂಡಾ ಅಮ್ಮ? ವಾಲ್ಯೂಮ್ ಸರಿ ಮಾಡೋದರೊಳಗೆ ಮುಗಿದುಹೋಗುತ್ತೆ" ಎನ್ನುತ್ತಾರೆ ಭಾವ.

"ಅದಕ್ಕೇ ಭಾವ."

"ಹನ್ನೊಂದು ನಿಮಿಷದ್ದೊಂದಿದೆಯಲ್ಲ, 'ಗ್ರೇಪ್‌ವೈನ್'?"

"ಅದು ಬೇರೆಯವರ ಹಾಡು, ಇವರು ಹಾಡಿದ್ದಷ್ಟೇ."

ಅಣ್ಣತಮ್ಮಂದಿರು ಒಮ್ಮತಕ್ಕೆ ಬರುವುದು ರೋಲಿಂಗ್ ಸ್ಟೋನ್ಸ್ ವಿಷಯದಲ್ಲಿ ಮಾತ್ರ; ಇಬ್ಬರಿಗೂ ಆಗದು. ಆದರೂ 2003ರ ಏಪ್ರಿಲ್‌ನಲ್ಲಿ ಸ್ಟೋನ್ಸ್ ಅರಮನೆ ಮೈದಾನಕ್ಕೆ ಬಂದಾಗ ಇಬ್ಬರೂ ಟಿಕೆಟ್ ಕೊಂಡು ಹೋದರು, ಬೈಯುವುದಕ್ಕೆ ಆಧಾರ ಬೇಕಲ್ಲ. ಆಗ ಮಿಕ್ ಜ್ಯಾಗರ್‌ಗೆ ಐವತ್ತೊಂಬತ್ತು. ವೇದಿಕೆಯ ಈ ತುದಿಯಿಂದ ಆ ತುದಿಗೆ ಓಡುತ್ತಿದ್ದನಂತೆ. ಅವನಿಗಿಂತ ಎಷ್ಟೋ ಚಿಕ್ಕವರಾದ ಭಾವ ಮಂಡಿ ನೋವೆಂದು ಅರ್ಧದಲ್ಲೇ ನೆಲದ ಮೇಲೆ ಕೂತರು.

ಕಳೆದ ಗಣೇಶನ ಹಬ್ಬದಲ್ಲಿ ಊಟವಾದ ಮೇಲೆ ಎಂದಿನಂತೆ ಶುರುವಾಯಿತು. ನಾನು ಸಂಧಾನಕ್ಕೆಂದು ಒಂದು ಸಂಗತಿ ಹೊರತೆಗೆದೆ. ರೋಲಿಂಗ್ ಸ್ಟೋನ್ಸ್‌ನವರ ಬಳಿ ಒಂದು ಲಾರಿ ಇತ್ತು, ಅದರೊಳಗೆ ಪೂರ್ತಿ ರೆಕಾರ್ಡಿಂಗ್ ಸ್ಟುಡಿಯೋ. ತಮಗಾಗಿ ಕಟ್ಟಿಸಿ, ಬೇರೆಯವರಿಗೂ ಬಾಡಿಗೆಗೆ ಕೊಡುತ್ತಿದ್ದರು. 1971ರ ಆರಂಭದಲ್ಲಿ ಅದನ್ನು ಹ್ಯಾಂಪ್‌ಶೈರಿನ ಹೆಡ್ಲಿ ಗ್ರೇಂಜ್ ಎಂಬ ಹಳೇ ಬಡವರ ಛತ್ರದ ಮುಂದೆ ನಿಲ್ಲಿಸಿಕೊಂಡು ಝೆಪೆಲಿನ್ ತನ್ನ ನಾಲ್ಕನೇ ಆಲ್ಬಮ್ಮಿನ ಬಹುಭಾಗ ಮುದ್ರಿಸಿತು. ಅದೇ ಡಿಸೆಂಬರಿನಲ್ಲಿ ಅದೇ ಲಾರಿ ಸ್ವಿಟ್ಜರ್ಲೆಂಡಿನ ಮಾಂಟ್ರೋಗೆ ಹೋಯಿತು. ಅಲ್ಲಿಯ ಕ್ಯಾಸಿನೋದಲ್ಲಿ ಫ್ರ್ಯಾಂಕ್ ಝಾಪಾ ಕಾರ್ಯಕ್ರಮದ ನಡುವೆ ಯಾರೋ ಫ್ಲೇರ್ ಗನ್ ಹಾರಿಸಿ ಕಟ್ಟಡವೇ ಉರಿದುಹೋಯಿತು. ಅಲ್ಲಿ ರೆಕಾರ್ಡ್ ಮಾಡಬೇಕಿದ್ದ ಪರ್ಪಲ್, ಚಳಿಗಾಲಕ್ಕೆ ಖಾಲಿ ಬಿದ್ದಿದ್ದ ಹೋಟೆಲಿನ ಓಣಿಯಲ್ಲಿ ಕೂತು 'ಮೆಷಿನ್ ಹೆಡ್' ನುಡಿಸಿತು. ಲಾರಿಯ ತನಕ ಹೋಗಿ ಬರುವ ದಾರಿ ಎಷ್ಟು ಸುತ್ತೆಂದರೆ, ನುಡಿಸಿದ್ದನ್ನು ಹೋಗಿ ಕೇಳುವುದನ್ನೇ ಬಿಟ್ಟರಂತೆ. ನಿಮ್ಮಿಬ್ಬರ ವೇದವೂ ಬರೆದದ್ದು ಒಂದೇ ಲಾರಿಯಲ್ಲಿ, ಅದೂ ಮೂರನೆಯವರದು ಎಂದೆ.

"ಅಂದರೆ ನಾವು ಬಿಟ್ಟ ಲಾರಿ ಹತ್ತಿದವರು ನೀವು" ಎಂದ ತಮ್ಮ.

"ನಿಮ್ಮದೇನು, ಛತ್ರದ ಅಂಗಳದಲ್ಲಿ ಬೆಚ್ಚಗೆ ನಿಂತಿತ್ತು. ನಮ್ಮದು ಬೆಂಕಿ ದಾಟಿ ಬಂದಿದೆ" ಎಂದರು ಭಾವ.

ಮಾತು ಏರುತ್ತ ಹೋಯಿತು. ಮೂಲೆಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ಚಿಕ್ಕಪ್ಪ ಕೈ ಎತ್ತಿ ಇಬ್ಬರನ್ನೂ ತಡೆದರು.

"ಅದಿರಲಿ, ಲಾರಿಗೆ ದಿನಕ್ಕೆ ಬಾಡಿಗೆ ಎಷ್ಟಂತೆ?"

ಅಣ್ಣ, ತಮ್ಮ ಇಬ್ಬರೂ ಒಟ್ಟಿಗೆ ಜೇಬಿನಿಂದ ಫೋನ್ ತೆಗೆದರು.