ಪಿಂಗ್ ಪಂಡಿತನೂ ಕೋಷ್ಟಕ ಶಾಸ್ತ್ರಿಯೂ

ಸರ್ವರ್ ನಿಧಾನವಾದಾಗ ತಪ್ಪು ಯಾರದೆಂಬುದು ತಂತ್ರಜ್ಞಾನದ ಪ್ರಶ್ನೆಯಾಗುವುದಕ್ಕೆ ಮೊದಲೇ ಗಡಿವಿವಾದವಾಗುವುದರಿಂದ, ಜಾಲತಜ್ಞನೂ ಡೇಟಾಬೇಸ್ ನಿರ್ವಾಹಕನೂ ನಡೆಸಿದ ಈ ಸಂವಾದವನ್ನು ಶಾಸ್ತ್ರಚರ್ಚೆಯೆಂದೇ ಪರಿಗಣಿಸಬೇಕು.

ಜಾಲತಜ್ಞ: ಪಿಂಗ್, ಎಂದರೆ ದೂರದ ಯಂತ್ರವು ಓಗೊಡುತ್ತದೆಯೇ ಎಂದು ಕೂಗಿ ನೋಡುವ ಪರೀಕ್ಷೆ, 2 ಮಿಲಿಸೆಕೆಂಡಿನಲ್ಲಿ ಮರಳಿದೆ, ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶವು ರೂಢಿಯಾಗಿ ಕಿವಿಗೊಡುವ ಬಾಗಿಲಾದ 3306ನೆಯ ಪೋರ್ಟೂ ತೆರೆದಿದೆ, ಆದ್ದರಿಂದ ಜಾಲವು ನಿರ್ದೋಷಿ.

ನಿರ್ವಾಹಕ: ಬಾಗಿಲು ತೆರೆದಿದ್ದರೂ, ಪುಸ್ತಕದ ಕೊನೆಯ ಪದಸೂಚಿಯಂತಹ ಇಂಡೆಕ್ಸ್ ಒಳಗಿಲ್ಲದ ಕಾರಣ, ಪ್ರಶ್ನೆಯೊಂದು ಕೋಟಿ ಸಾಲುಗಳನ್ನು ಒಂದೊಂದಾಗಿ ತಡಕುತ್ತಿದೆ, ಡೇಟಾಬೇಸನ್ನು ಪ್ರಶ್ನಿಸುವ ಭಾಷೆಯಾದ ಎಸ್‌ಕ್ಯೂಎಲ್ ಅನ್ನು ತಾವು ಕಲಿತಿದ್ದರೆ, ಪ್ರಶ್ನೆಯು ಸಾಗುವ ದಾರಿಯನ್ನು ವಿವರಿಸುವ 'ಎಕ್ಸ್‌ಪ್ಲೇನ್' ಎಂಬ ಒಂದೇ ಆದೇಶ ಇದನ್ನು ತೋರಿಸುತ್ತಿತ್ತು.

ಜಾಲತಜ್ಞ: ದತ್ತಾಂಶವನ್ನು ಕೋಷ್ಟಕಗಳಾಗಿ ಕಾಣುವ ಸಂಬಂಧಾತ್ಮಕ ಮಾದರಿಯನ್ನು ಎಡ್ಗರ್ ಕಾಡ್ 1970ರಲ್ಲಿ ಮಂಡಿಸಿದ್ದು ತಮ್ಮಂಥವರಿಗಾಗಿ, ನಮಗದು ಬೇಡ, ಜಾಲದ ವಿಳಾಸಗಳೆಲ್ಲ ಒಂದೇ ಎಕ್ಸೆಲ್ ಹಾಳೆಯಲ್ಲಿ ಸುಖವಾಗಿವೆ.

ನಿರ್ವಾಹಕ: ನಿನ್ನೆ ಪ್ರಿಂಟರಿಗೂ ಸರ್ವರಿಗೂ ಒಂದೇ ಐಪಿ ವಿಳಾಸ ದಕ್ಕಿದ್ದು ಆ ಹಾಳೆಯ ಕೃಪೆಯೇ, ಒಂದು ಮೌಲ್ಯ ಎರಡು ಸಾಲುಗಳಲ್ಲಿ ಬರದಂತೆ ತಡೆಯುವ ಅನನ್ಯತಾ ನಿರ್ಬಂಧವಿದ್ದ ಕೋಷ್ಟಕವು ಅದನ್ನು ಹೊಸ್ತಿಲಲ್ಲೇ ತಿರಸ್ಕರಿಸುತ್ತಿತ್ತು.

ಜ್ಞಾನೋದಯವಾದ ಜಾಲತಜ್ಞನು ಕಲಿಯಲು ಒಪ್ಪಿದನಾದರೂ, ಜಾಲವನ್ನು ತುಂಡುಗಳಾಗಿ ವಿಂಗಡಿಸುವ ಸಬ್‌ನೆಟ್ ಲೆಕ್ಕವನ್ನು ನಿರ್ವಾಹಕನೂ ಕಲಿಯಬೇಕೆಂಬ ಷರತ್ತು ಹಾಕಿದೊಡನೆ, ಇಬ್ಬರೂ ಏಕಕಂಠದಿಂದ ತಪ್ಪನ್ನು ಜಾಲದ ಕಾವಲುಗಾರನಾದ ಫೈರ್‌ವಾಲ್ ನೋಡಿಕೊಳ್ಳುವ ವಿಭಾಗಕ್ಕೆ ವರ್ಗಾಯಿಸಿ ಕಾಫಿಗೆ ತೆರಳಿದರು.