ಅಬ್ಬೆ ಯಾರು, ಮಗಳು ಯಾರು? ಸ್ಥಳನಾಮ ಶಾಸ್ತ್ರಕ್ಕೊಂದು ಅಲ್ಪ ಕಾಣಿಕೆ

ಯಾದಗಿರಿ ಹತ್ತಿರದ ಅಬ್ಬೆತುಮಕೂರು ಜನಕ್ಕೆ ಗೊತ್ತಿರುವುದು ವಿಶ್ವಾರಾಧ್ಯರ ಮಠದಿಂದ. ಸಂಶೋಧಕನಾದವನು ಮಾತ್ರ ಮೊದಲು ಕೈಮುಗಿಯುವುದು ಊರ ಹೆಸರಿನ ಬೋರ್ಡಿಗೆ. ಹಳಗನ್ನಡದಲ್ಲಿ ಅಬ್ಬೆ ಎಂದರೆ ತಾಯಿ. ಅಲ್ಲಿಗೆ ಇದು ತಾಯಿ ತುಮಕೂರು. ತಾಯಿ ಇದ್ದ ಮೇಲೆ ಮಗಳು ಇರಲೇಬೇಕು. ಬೆಂಗಳೂರಿನ ಮಗ್ಗುಲಲ್ಲಿ ಒಬ್ಬಳು ಇದ್ದೇ ಇದ್ದಾಳೆ. ಪ್ರಮೇಯ ಇಲ್ಲಿಗೆ ಸಿದ್ಧ. ಮುಂದಿನದೆಲ್ಲ ಪುಟ ತುಂಬಿಸುವ ವಿಶ್ವವಿದ್ಯಾಲಯದ ನಿಯಮಕ್ಕಾಗಿ.

ಅಬ್ಬೆ ಅಲ್ಲ, ಅಬ್ಬಿ, ಅಂದರೆ ಜಲಪಾತ ಎನ್ನುವ ಪೂರ್ವಪಕ್ಷವೊಂದು ಎದ್ದೀತು. ಅಂಥವರು ಏಪ್ರಿಲ್ ತಿಂಗಳಲ್ಲಿ ಯಾದಗಿರಿಗೆ ಬಂದು ಬಿಸಿಲಲ್ಲಿ ಅರ್ಧ ತಾಸು ನಿಲ್ಲಲಿ. ವಾದ ತಾನೇ ಆವಿಯಾಗುತ್ತದೆ. ಮಗಳ ಮನೆಯವರು ತಮ್ಮ ಹೆಸರಿಗೆ ತುಂಬೆ ಹೂವೋ ತುಮುಕಿ ಎಂಬ ವಾದ್ಯವೋ ಮೂಲ ಎನ್ನುತ್ತಾರೆ. ತವರು ಮರೆತವರ ಮಾತು ಹೀಗೇ ಇರುತ್ತದೆ. 2014ರ ನವೆಂಬರ್ 1ರಂದು ಸರ್ಕಾರ ಹನ್ನೆರಡು ಊರುಗಳ ಇಂಗ್ಲಿಷ್ ಕಾಗುಣಿತ ತಿದ್ದಿದಾಗ ಮಗಳಿಗೆ ಎರಡು ಸ್ವರ ಹೆಚ್ಚಾಗಿ ಸಿಕ್ಕವು. ತಾಯಿಯನ್ನು ಯಾರೂ ಕೇಳಲಿಲ್ಲ.

ಕ್ಷೇತ್ರಕಾರ್ಯವಿಲ್ಲದ ಸಂಶೋಧನೆ ಉಪ್ಪಿಲ್ಲದ ಊಟ. ಆದ್ದರಿಂದ ಬಸ್ಸಿಗೆ ಕಾದಿದ್ದ ಹಿರಿಯರೊಬ್ಬರನ್ನು ಮಾತಿಗೆಳೆದೆ.

“ಯಜಮಾನ್ರೇ, ಈ ಊರಿಗೆ ಹೆಸರು ಇಟ್ಟವರು ಯಾರು?”

“ನಮಗ್ಯಾಂಗ ಗೊತ್ತಾಗ್ತದ್ರೀ ಸರ? ನಾವು ಹುಟ್ಟೂಕ್ಕಿಂತ ಮೊದಲೇ ಇಟ್ಟಾರ.”

ಅವರು ಟವೆಲ್ಲು ಕೊಡವಿ ಮತ್ತೆ ಹೆಗಲಿಗೆ ಹಾಕಿಕೊಂಡರು. ಹೆಸರು ಅತಿ ಪ್ರಾಚೀನ ಎಂಬುದಕ್ಕೆ ಇದಕ್ಕಿಂತ ದೊಡ್ಡ ಮೌಖಿಕ ಆಧಾರ ಬೇಕೆ?

ನೆರೆಯ ಸುರಪುರದಲ್ಲಿ ಸಮಸ್ಯೆ ಬೇರೆ: ಅಲ್ಲಿ ಆಧಾರಗಳೇ ವಿಪರೀತ. ಸುರಪುರ ಎಂದರೆ ದೇವತೆಗಳ ಊರು. ಶೂರಪುರ ಎಂದರೆ ವೀರರದು; 1858ರಲ್ಲಿ ಇಂಗ್ಲಿಷರಿಗೆ ತಿರುಗಿಬಿದ್ದ ರಾಜಾ ವೆಂಕಟಪ್ಪ ನಾಯಕರು ಆ ಪಕ್ಷದ ಸಾಕ್ಷಿ. ಅವರನ್ನು ಬಾಲ್ಯದಲ್ಲಿ ಬಲ್ಲ, ಅಲ್ಲೇ ಗುಡ್ಡದ ಮೇಲೆ ಬಂಗಲೆ ಕಟ್ಟಿಕೊಂಡಿದ್ದ ಮೆಡೋಸ್ ಟೇಲರ್ ಸಾಹೇಬ ಶೋರಾಪೂರ್ ಎಂದು ಬರೆದುಬಿಟ್ಟ. ಉರ್ದುವಿನಲ್ಲಿ ಶೋರ್ ಎಂದರೆ ಗದ್ದಲ. ದೇವರು, ಶೂರರು, ಗದ್ದಲ ಮೂರೂ ಒಂದೇ ಗುಡ್ಡದ ಮೇಲೆ ಇರಲಾರವು ಎನ್ನುವವರು ಜಾತ್ರೆ ನೋಡಿಲ್ಲ.

ಇನ್ನು ಮೊದಲ ವಸತಿಯ ಪ್ರಶ್ನೆ. ಪ್ರತಿ ಊರಿನವರೂ ತಮ್ಮದು ಸಾವಿರ ವರ್ಷ ಹಳೆಯದು ಎನ್ನುತ್ತಾರೆ. ಈ ಜಿಲ್ಲೆಗೆ ಅದು ತೀರ ಸಂಕೋಚದ ಲೆಕ್ಕ. ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರ ತಂಡ ಅಗೆದಾಗ ಸಿಕ್ಕಿದ್ದು ಆದಿಮಾನವರ ಕಲ್ಲುಗಣಿ. ಸುಣ್ಣಕಲ್ಲಿನ ಚಪ್ಪಡಿ ಎಬ್ಬಿಸಿ ಅಲ್ಲೇ ಕುಳಿತು ಕೈಗೊಡಲಿ ಕೆತ್ತಿದ್ದಾರೆ. ಕಾಲ ಸುಮಾರು 12 ಲಕ್ಷ ವರ್ಷಗಳ ಹಿಂದೆ. ಕೆತ್ತುವಾಗ ಉದುರಿದ ಚಕ್ಕೆ, ಬಡಿದ ಗುಂಡುಕಲ್ಲು ಅಲ್ಲಲ್ಲೇ ಬಿದ್ದಿದ್ದವು. ಅರ್ಧಕ್ಕೆ ಬಿಟ್ಟ ಕಲ್ಲುಗಳೂ ಇದ್ದವು ಎಂದ ಮೇಲೆ, ಅವರನ್ನು ಮೊದಲ ಗುತ್ತಿಗೆದಾರರೆನ್ನಲು ಅಡ್ಡಿಯಿಲ್ಲ. ಅವರು ಊರಿಗೆ ಹೆಸರಿಟ್ಟರೋ ಇಲ್ಲವೋ, ಬೋರ್ಡು ಸಿಕ್ಕಿಲ್ಲ. ಬೂದಿಹಾಳದ ಕಥೆ ಹಾಗಲ್ಲ. ನವಶಿಲಾಯುಗದ ದನಗಾಹಿಗಳು ಸಗಣಿ ಸುಟ್ಟ ಬೂದಿಯ ದಿಬ್ಬ ಊರಲ್ಲೇ ಇದೆ. ಪದ್ದಯ್ಯನವರು ಗುದ್ದಲಿ ಹಿಡಿದು ಬರುವ ಮೊದಲೇ ಊರು ತನ್ನ ವರದಿಯನ್ನು ಹೆಸರಲ್ಲೇ ಸಲ್ಲಿಸಿಯಾಗಿತ್ತು. ಇಂಥ ಊರುಗಳಿಂದ ಪಾಂಡಿತ್ಯಕ್ಕೆ ನಷ್ಟ.

ಮೂಲ ಪ್ರಮೇಯಕ್ಕೆ ಬರೋಣ. ತಾಯೂರಿನಿಂದ ಮಗಳೂರಿಗೆ ಜನ ಹೋದರೆಂಬುದಕ್ಕೆ ಪುರಾವೆ ಕೇಳುವವರು ಬೇಸಿಗೆಯಲ್ಲಿ ಯಾದಗಿರಿ ಸ್ಟೇಷನ್ನಿಗೆ ಬರಬೇಕು. ಹಿಟ್ಟಿನ ಚೀಲ, ಪಾತ್ರೆಯ ಗಂಟು, ಸೊಂಟದಲ್ಲಿ ಕೂಸು: ಬೆಂಗಳೂರಿನ ಕಟ್ಟಡಗಳಿಗೆ ಕಲ್ಲು ಮಣ್ಣು ಹೊರಲು ಗುಳೆ ಹೊರಟ ಸಂಸಾರಗಳು ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿಗೆ ನುಗ್ಗುತ್ತವೆ. ವಲಸೆಯ ದಿಕ್ಕು ದಕ್ಷಿಣವೇ ಎಂಬುದು ನಿಸ್ಸಂಶಯ. ಒಂದು ತೊಡಕುಂಟು: ಆ ರೈಲು ಗುಂತಕಲ್ಲು, ಧರ್ಮಾವರಂ ಸುತ್ತಿ ಹೋಗುತ್ತದೆ, ತುಮಕೂರು ಮುಟ್ಟುವುದಿಲ್ಲ. ತಾಯಿ ಮಗಳ ನಡುವೆ ಯಾವುದೋ ಕಾಲದಲ್ಲಿ ಮಾತು ಬಿಟ್ಟಿರಬೇಕು. ಆ ಜಗಳದ ಕಾಲನಿರ್ಣಯವನ್ನು ಎರಡನೆಯ ಸಂಪುಟದಲ್ಲಿ, ಅನುದಾನ ಬಂದರೆ, ಮಾಡಲಾಗುವುದು.